ಕೆರೆಯ ಠರಾವು: ಬಾಬಾಸಾಹೇಬರು ಮತ್ತು ನಮ್ಮ ಮುನಸಿಪಾಲ್ಟಿ



ಬಾಬಾಸಾಹೇಬ ಅಂಬೇಡ್ಕರರ ಚರಿತ್ರೆ ನಿಮಗೆ ಹೊಸದೇನಲ್ಲ. ಪ್ರತಿ ವರ್ಷ ಜಯಂತಿಗೆ ಕೇಳ್ತೀರಿ. ಆದರೆ ಭಾಷಣ ಮಾಡುವವರು ಹೆಚ್ಚಾಗಿ ದಿಲ್ಲಿ, ಸಂವಿಧಾನ, ಪಾರ್ಲಿಮೆಂಟು ಅಂತಾರೆ. ನಮ್ಮ ನಳಕ್ಕೆ ನೀರು ಬಿಡೋದು, ಗಟಾರ ತೆಗೆಸೋದು, ಮನೆಪಟ್ಟಿ ವಸೂಲು ಮಾಡೋದು ದಿಲ್ಲಿ ಅಲ್ಲ, ಮಹಾನಗರಪಾಲಿಕೆ. ಅದಕ್ಕೂ ಬಾಬಾಸಾಹೇಬರ ಬಾಳಿಗೂ ಏನು ಸಂಬಂಧ ಅನ್ನೋದನ್ನಷ್ಟೇ ಇಲ್ಲಿ ಹೇಳ್ತೀನಿ.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ಸುಭೇದಾರ ರಾಮಜಿ. ನಿವೃತ್ತಿಯಾದ ಮೇಲೆ ಮನೆತನ ಸಾತಾರೆಗೆ ಬಂತು. 1900ರ ನವೆಂಬರ್ 7ರಂದು ಭೀಮರಾವ್ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿದರು. ಸಾತಾರಾ ನಮಗೇನು ದೂರದ ಊರಲ್ಲ. ನಮ್ಮ ಜಿಲ್ಲೆ 1949ರಲ್ಲಿ ಹುಟ್ಟಿದಾಗ ಅದರ ಹೆಸರೇ ದಕ್ಷಿಣ ಸಾತಾರಾ. ಸಾಂಗ್ಲಿ ಅಂತ ಆದದ್ದು 1960ರಲ್ಲಿ.

ಮಿರಜದಿಂದ ಪುಣೆ ಗಾಡಿ ಹತ್ತಿದರೆ ಕರಾಡ ದಾಟಿದ ಮೇಲೆ ಮಸೂರು ಅನ್ನೋ ಸಣ್ಣ ಸ್ಟೇಷನ್ನು ಬರ್ತದ. ಮುಂದಿನ ಸಲ ಹೋಗುವಾಗ ಕಿಟಕಿಯಿಂದ ನೋಡ್ರಿ. ಸುಮಾರು 1901ರಲ್ಲಿ ಹತ್ತು ವರ್ಷದ ಭೀಮ, ತನ್ನಣ್ಣ ಮತ್ತು ಅಕ್ಕನ ಮಕ್ಕಳ ಜೊತೆ, ಹೊಸ ಅಂಗಿ ಹಾಕಿಕೊಂಡು ಅಲ್ಲಿ ಇಳಿದಿದ್ದ. ಗೋರೆಗಾಂವದಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡೋ ಸಂಭ್ರಮ. ಅಪ್ಪನಿಗೆ ಕಾಗದ ಮುಟ್ಟಿರಲಿಲ್ಲ, ಕರೆಯೋಕೆ ಯಾರೂ ಬಂದಿರಲಿಲ್ಲ. ಮಹಾರರ ಹುಡುಗರು ಅಂತ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಯ್ತು. ಇಮ್ಮಡಿ ಬಾಡಿಗೆ ಕೊಟ್ಟು, ಎತ್ತಿನ ಗಾಡಿಯನ್ನು ತಾವೇ ಹೊಡೆದುಕೊಂಡು ಹೊರಟರು; ಗಾಡಿಯವ ಮೈಲಿಗೆ ಆಗ್ತದ ಅಂತ ಪಕ್ಕದಲ್ಲಿ ನಡೆದ. ಬುತ್ತಿ ತುಂಬ ಊಟ ಇತ್ತು, ರಾತ್ರಿಯಿಡೀ ಕುಡಿಯೋಕೆ ಒಂದು ಗುಟುಕು ನೀರು ಸಿಗಲಿಲ್ಲ. ಇದನ್ನು ಅವರೇ ಮುಂದೆ ಬರೆದಿಟ್ಟಿದ್ದಾರೆ.

ಓದಿನ ಕಥೆ ನಿಮಗೆ ಗೊತ್ತು. ಬಡೋದೆ ಮಹಾರಾಜರ ಶಿಷ್ಯವೇತನ, ಅಮೆರಿಕದ ಕೊಲಂಬಿಯಾ, ಆಮೇಲೆ ಲಂಡನ್. ಒಂದು ಮಾತು ಮಾತ್ರ ಸೇರಿಸ್ತೀನಿ. ಬ್ರಿಟಿಷ್ ಸರ್ಕಾರ ಮತ್ತು ಪ್ರಾಂತಗಳ ನಡುವೆ ಹಣ ಹೇಗೆ ಹಂಚಿಕೆ ಆಗ್ತದ ಅನ್ನೋದರ ಮೇಲೆ ಅವರ ಪುಸ್ತಕ 1925ರಲ್ಲಿ ಬಂತು. ಅಧಿಕಾರ ಕೊಟ್ಟು ರೊಕ್ಕ ಕೊಡದಿದ್ದರೆ ಏನಾಗ್ತದ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ನೆರೆಯ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು.

ಈಗ ಮುಖ್ಯ ವಿಷಯಕ್ಕೆ ಬರೋಣ. 1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆಯವರು ಒಂದು ಠರಾವು ತಂದರು. ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಅದು ಪಾಸಾಯ್ತು. ಸಾಂಗ್ಲಿ, ಮಿರಜ ಆಗ ಪಟವರ್ಧನರ ಸಂಸ್ಥಾನಗಳು; ಮುಂಬಯಿ ಕಾನೂನು ಇಲ್ಲಿ ನಡೀತಿರಲಿಲ್ಲ. ಕೊಂಕಣದ ಮಹಾಡ ಊರಿನ ನಗರಸಭೆ 1924ರ ಜನವರಿಯಲ್ಲಿ ತನ್ನ ಚವದಾರ ಕೆರೆ ಎಲ್ಲರಿಗೂ ಮುಕ್ತ ಅಂತ ಬರೆದುಕೊಂಡಿತು. ಸುರೇಂದ್ರನಾಥ ಟಿಪಣೀಸರಂಥ ಕೆಲವು ಸವರ್ಣರೂ ಇದರ ಪರ ಇದ್ದರು. ಠರಾವು ಬರೆದದ್ದೇನೋ ಸರಿ. ಕೊಡ ಹಿಡಿದು ಕೆರೆಗೆ ಇಳಿಯೋ ಧೈರ್ಯ ಮೂರು ವರ್ಷ ಯಾರಿಗೂ ಆಗಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಮುಂದೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಹಿಂದೆ ಬಂದವರೂ ಕುಡಿದರು. ಇವರು ಇನ್ನು ಗುಡಿ ಹೊಗ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿಸಿ, ಊಟಕ್ಕೆ ಕೂತಿದ್ದ ನಮ್ಮ ಜನರನ್ನು ಬಡಿದರು. ಆಮೇಲೆ 108 ಕೊಡ ಸೆಗಣಿ, ಗಂಜಳ, ಹಾಲು, ಮೊಸರು ಸುರಿದು ಕೆರೆಯನ್ನು ಶುದ್ಧ ಮಾಡಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರೋದು ಮುಂದಿನ ಮಾತು: ಅದೇ ವರ್ಷ ಆಗಸ್ಟ್ 4ರಂದು, ಬೋಲೆ ಠರಾವಿಗೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ಮಹಾಡ ನಗರಸಭೆ ತನ್ನ ಠರಾವನ್ನು ತಾನೇ ರದ್ದು ಮಾಡಿತು. ಕೈ ಎತ್ತಿದರು, ಮುಗೀತು.

ಡಿಸೆಂಬರ್‌ನಲ್ಲಿ ಮತ್ತೆ ಹೋದಾಗ ಎದುರಾಳಿಗಳು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. 25ರಂದು ಮನುಸ್ಮೃತಿ ಸುಟ್ಟರು, ಕೆರೆಗೆ ಮಾತ್ರ ಇಳಿಯಲಿಲ್ಲ. ಜನ ತಯಾರಿದ್ದರು, ಬಾಬಾಸಾಹೇಬರೇ ತಡೆದರು. ಕೆರೆ ನಮ್ಮ ಖಾಸಗಿ ಸೊತ್ತು, ಅಸ್ಪೃಶ್ಯರನ್ನು ದೂರ ಇಡೋದು ಅನಾದಿ ರೂಢಿ ಅನ್ನೋದು ಎದುರಿನವರ ವಾದ. ಕೆರೆ ನಗರಸಭೆಯದು, ಸಾರ್ವಜನಿಕರದು ಅನ್ನೋದು ನಮ್ಮವರ ವಾದ. ಮಹಾಡ ಕೋರ್ಟು, ಠಾಣೆ ಕೋರ್ಟು ದಾಟಿ ಮುಂಬಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ರಂದು. ನೀರು ಕುಡಿದ ದಿನಕ್ಕೆ ಹತ್ತು ವರ್ಷ ತುಂಬೋಕೆ ಮೂರೇ ದಿನ ಬಾಕಿ ಇತ್ತು.

ಊರಿನ ಬಹುಮತ ಕೊಟ್ಟದ್ದನ್ನು ಊರಿನ ಬಹುಮತವೇ ಕಿತ್ತುಕೊಳ್ಳಬಹುದು ಅನ್ನೋದನ್ನು ಮಹಾಡ ತೋರಿಸಿತ್ತು. ಅವರ ಮುಂದಿನ ಹೆಜ್ಜೆಗಳನ್ನು ಇದರ ಬೆಳಕಿನಲ್ಲಿ ನೋಡಿದರೆ ಬಹಳ ತಿಳೀತದ ಅಂತ ನನ್ನ ಅಭಿಪ್ರಾಯ. 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದ ಅಂದರೆ ಎಲ್ಲರಿಗೂ ಶಾಸನಸಭೆಯ ಸೀಟುಗಳೇ ನೆನಪು. ಅದರಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯ ಮಾತೂ ಐತಿ: ಅಲ್ಲಿ ಅಸ್ಪೃಶ್ಯ ಅನ್ನೋ ಕಾರಣಕ್ಕೆ ಯಾರಿಗೂ ಅಡ್ಡಿ ಇರಬಾರದು ಅಂತ. ಹನ್ನೆರಡು ದಿನ ಬಿಟ್ಟು, ಅಕ್ಟೋಬರ್ 6ರಂದು ಮುಂಬಯಿ ಪರಿಷತ್ತಿನಲ್ಲಿ ಗ್ರಾಮ ಪಂಚಾಯತಿ ಮಸೂದೆ ಬಂದಾಗ ಅವರು ಎದ್ದು ನಿಂತು ವಿರೋಧಿಸಿದರು. ವಯಸ್ಕರೆಲ್ಲರಿಗೂ ಮತ ಕೊಟ್ಟರೂ ಸಾಲದು, ನಮ್ಮವರಿಗೆ ಮೀಸಲು ಸ್ಥಾನ ಬೇಕು. ಪಂಚರ ಕೈಗೆ ನ್ಯಾಯ ಹೇಳೋ ಅಧಿಕಾರವನ್ನಂತೂ ಕೊಡಲೇಬಾರದು ಅಂತ. ಆಗ ಅವರಿದ್ದದ್ದು ಸರ್ಕಾರ ನೇಮಿಸಿದ ಸದಸ್ಯರಾಗಿ. ಹಾಗಿದ್ದೂ ಸರ್ಕಾರದ ಮುಖ ನೋಡಲಿಲ್ಲ. ಮುಂಬಯಿ ಮುನಸಿಪಾಲ್ಟಿಯ ಸಫಾಯಿ ಕಾಮಗಾರರ ಸಂಘಟನೆಗೂ ಮುಂದೆ ನಿಂತರು.

1947ರಲ್ಲಿ ಸಂವಿಧಾನ ಸಭೆಗೆ ಅಂತ ಸಿದ್ಧಪಡಿಸಿದ ಬೇಡಿಕೆ ಪತ್ರದಲ್ಲಿ ನಗರಸಭೆ ಮತ್ತು ಲೋಕಲ್ ಬೋರ್ಡುಗಳಲ್ಲೂ ಪರಿಶಿಷ್ಟರಿಗೆ ಪ್ರಾತಿನಿಧ್ಯ ಕೇಳಿದ್ದರು. 1950ರ ಸಂವಿಧಾನದಲ್ಲಿ ಲೋಕಸಭೆ, ವಿಧಾನಸಭೆಗೆ ಮೀಸಲು ಬಂತು. ನಗರಸಭೆಗೆ ಆ ಖಾತ್ರಿ ಬರಲಿಲ್ಲ. 1956ರ ಡಿಸೆಂಬರ್ 6ರಂದು ಅವರು ದಿಲ್ಲಿಯಲ್ಲಿ ಕಣ್ಣು ಮುಚ್ಚಿದರು. 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಅದರ 243-ಟಿ ಕಲಮಿನ ಪ್ರಕಾರ ಊರಿನ ಜನಸಂಖ್ಯೆಯಲ್ಲಿ ನಮ್ಮ ಪಾಲೆಷ್ಟೋ ನಗರಸಭೆಯ ಸೀಟಿನಲ್ಲೂ ಅಷ್ಟು ಪಾಲು. ಇದನ್ನು ಯಾವ ನಗರಸಭೆಯೂ ಕೈ ಎತ್ತಿ ರದ್ದು ಮಾಡೋಕೆ ಬರೋದಿಲ್ಲ.

ನಮ್ಮ ಸಾಂಗ್ಲಿ, ಮಿರಜ, ಕುಪವಾಡ ಮೂರೂ ಸೇರಿ ಮಹಾನಗರಪಾಲಿಕೆ ಆದದ್ದು 1998ರ ಫೆಬ್ರವರಿ 9ರಂದು. 78 ನಗರಸೇವಕರು. ಎಲ್ಲರೂ ಕೂಡೋದು ಮಹಾಸಭೆ. ಅದರ ಮೇಲೆ ಮಹಾಪೌರ, ಅವಧಿ ಎರಡೂವರೆ ವರ್ಷ. 16 ಜನರ ಸ್ಥಾಯಿ ಸಮಿತಿಯ ಕೈಯಲ್ಲಿ ಟೆಂಡರು, ಖರ್ಚು. ರಾಜ್ಯ ಸರ್ಕಾರ ಕಳಿಸೋ ಆಯುಕ್ತರು ಜಾರಿ ಮಾಡೋರು. ಮೀಸಲು ಪ್ರಭಾಗ ಯಾವುದು ಅನ್ನೋದು ಚುನಾವಣೆಗೆ ಮೊದಲು ತೀರ್ಮಾನ ಆಗ್ತದ, ಅರ್ಧ ಸೀಟು ಹೆಣ್ಣುಮಕ್ಕಳಿಗೆ. ನಮ್ಮಲ್ಲಿ ಬಹಳ ಮಂದಿ ನಗರಸೇವಕನ ಮನೆ ಬಾಗಿಲಿಗೆ ಹೋಗ್ತಾರೆ, ಸ್ಥಾಯಿ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳೋದಿಲ್ಲ. ರೊಕ್ಕದ ಫೈಲು ಹೋಗೋದು ಅಲ್ಲಿಗೆ.

ಐದು ವರ್ಷ ಮುಗಿಯೋದರೊಳಗೆ ಚುನಾವಣೆ ಆಗಬೇಕು ಅಂತಲೂ ಅದೇ ತಿದ್ದುಪಡಿ ಹೇಳ್ತದ. 2018ರ ಆಗಸ್ಟ್‌ನಲ್ಲಿ ಆರಿಸಿ ಬಂದ ನಮ್ಮ ಸಭೆಯ ಅವಧಿ 2023ರ ಆಗಸ್ಟ್‌ಗೆ ಮುಗೀತು. ಇತರೆ ಹಿಂದುಳಿದವರ ಮೀಸಲಾತಿ, ಪ್ರಭಾಗ ರಚನೆ ಅಂತ ರಾಜ್ಯದ ಖಟ್ಲೆಗಳು ಕೋರ್ಟಿನಲ್ಲಿ ಎಳೆದಾಡಿ ಎರಡು ವರ್ಷಕ್ಕೂ ಮೀರಿ ಆಡಳಿತಾಧಿಕಾರಿ ರಾಜ್ಯ ನಡೀತು. ಮಹಾಸಭೆಯ ಅಧಿಕಾರ, ಸ್ಥಾಯಿ ಸಮಿತಿಯ ಅಧಿಕಾರ ಎರಡೂ ಒಬ್ಬ ಅಧಿಕಾರಿಯ ಮೇಜಿನ ಮೇಲಿದ್ದವು. ಅಷ್ಟೂ ದಿನ ಮೀಸಲು ಪ್ರಭಾಗದಿಂದ ಆರಿಸಿ ಬಂದ ಒಬ್ಬರೂ ಆ ಮೇಜಿನ ಹತ್ತಿರ ಕೂತಿರಲಿಲ್ಲ.