ಕೆ. ಶಂಕರ್ ಪಿಳ್ಳೈ

ಕೇಶವ ಶಂಕರ್ ಪಿಳ್ಳೈ (ಜುಲೈ 31, 1902 – ಡಿಸೆಂಬರ್ 26, 1989) ಭಾರತದ ಪ್ರಸಿದ್ಧ ವ್ಯಂಗ್ಯಚಿತ್ರಕಾರರು, ಸಂಪಾದಕರು ಹಾಗೂ ಮಕ್ಕಳ ಪುಸ್ತಕಗಳ ಪ್ರಕಾಶಕರು. 'ಶಂಕರ್' ಎಂಬ ಹೆಸರಿನಿಂದಲೇ ಪರಿಚಿತರಾಗಿದ್ದ ಇವರನ್ನು ಭಾರತೀಯ ರಾಜಕೀಯ ವ್ಯಂಗ್ಯಚಿತ್ರಕಲೆಯ ಪಿತಾಮಹರೆಂದು ಗೌರವಿಸಲಾಗುತ್ತದೆ. ತಮ್ಮ ತಮ್ಮ ನಾಡಿನ ಮೂಲ ಉಡುಪನ್ನು ಧರಿಸಿದ ಗೊಂಬೆಗಳನ್ನು ದೇಶದೇಶಗಳಿಂದ ಸಂಗ್ರಹಿಸಿ ಇವರು ನವದೆಹಲಿಯಲ್ಲಿ ಸ್ಥಾಪಿಸಿದ ಶಂಕರ್ಸ್ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯವು ಈ ಬಗೆಯ ದೊಡ್ಡ ಸಂಗ್ರಹಗಳಲ್ಲಿ ಒಂದಾಗಿದೆ. ವ್ಯಂಗ್ಯಚಿತ್ರಗಳ ಕೀರ್ತಿಯ ಮುಂದೆ ಈ ಕೆಲಸವು ಅನೇಕ ಬರಹಗಳಲ್ಲಿ ಒಂದು ಸಾಲಿನ ಪ್ರಸ್ತಾಪಕ್ಕೆ ಸೀಮಿತವಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಶಂಕರ್ ಅವರು ಅಂದಿನ ತಿರುವಾಂಕೂರು ಸಂಸ್ಥಾನದ ಕಾಯಂಕುಳಂನಲ್ಲಿ ಜನಿಸಿದರು. ಶಾಲೆಯಲ್ಲಿದ್ದಾಗ, ತರಗತಿಯಲ್ಲಿ ನಿದ್ರಿಸುತ್ತಿದ್ದ ಉಪಾಧ್ಯಾಯರೊಬ್ಬರ ಚಿತ್ರವನ್ನು ಬರೆದು ಮುಖ್ಯೋಪಾಧ್ಯಾಯರ ಕೋಪಕ್ಕೆ ಗುರಿಯಾದರು. ಅದೇ ಚಿತ್ರವನ್ನು ಕಂಡ ಅವರ ಮಾವನವರು ಹುಡುಗನ ಕೈಯಲ್ಲಿ ಕಲೆಯಿದೆ ಎಂದು ಗುರುತಿಸಿ ಪ್ರೋತ್ಸಾಹಿಸಿದರು. ಮಾವೇಲಿಕ್ಕರದ ರವಿವರ್ಮ ಚಿತ್ರಕಲಾ ಶಾಲೆಯಲ್ಲಿ ಅಭ್ಯಾಸ ಮಾಡಿ, 1927ರಲ್ಲಿ ತಿರುವನಂತಪುರದಲ್ಲಿ ಪದವಿ ಪಡೆದ ಬಳಿಕ ಕಾನೂನು ಓದಲು ಮುಂಬಯಿಗೆ ತೆರಳಿದರು. ಆ ಓದು ಪೂರ್ಣಗೊಳ್ಳಲಿಲ್ಲ.

ವ್ಯಂಗ್ಯಚಿತ್ರಕಾರರಾಗಿ

ಮುಂಬಯಿಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದ ಶಂಕರ್ ಅವರ ಚಿತ್ರಗಳನ್ನು ಗಮನಿಸಿದ ಪೋತನ್ ಜೋಸೆಫ್ ಅವರು 1932ರಲ್ಲಿ ಅವರನ್ನು ದೆಹಲಿಯ 'ಹಿಂದೂಸ್ತಾನ್ ಟೈಮ್ಸ್' ಪತ್ರಿಕೆಗೆ ಕರೆತಂದರು. (ಇದೇ ಪೋತನ್ ಜೋಸೆಫ್ ಮುಂದೆ ಬೆಂಗಳೂರಿನ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಸಂಪಾದಕರಾದರು.) 1946ರವರೆಗೆ ಶಂಕರ್ ಅಲ್ಲಿಯೇ ದುಡಿದರು. 1948ರಲ್ಲಿ 'ಶಂಕರ್ಸ್ ವೀಕ್ಲಿ' ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಅದನ್ನು ಉದ್ಘಾಟಿಸಿದ ಪ್ರಧಾನಿ ಜವಾಹರಲಾಲ್ ನೆಹರೂ ಅವರು ತಮಗೂ ವಿನಾಯಿತಿ ಕೊಡಬಾರದೆಂದು ಶಂಕರ್ ಅವರನ್ನು ಕೇಳಿಕೊಂಡರು. ಶಂಕರ್ ಆ ಮಾತನ್ನು ನಡೆಸಿಕೊಟ್ಟರು. ಆದರೂ ಅವರಿಬ್ಬರ ಸ್ನೇಹ ಕೆಡಲಿಲ್ಲ. ಅಬು ಅಬ್ರಹಾಂ, ಕುಟ್ಟಿ, ಓ. ವಿ. ವಿಜಯನ್ ಮೊದಲಾದವರು ಈ ಪತ್ರಿಕೆಯ ಆಶ್ರಯದಲ್ಲಿ ಬೆಳೆದರು. ಸಂವಿಧಾನ ರಚನೆಯ ವೇಗವನ್ನು ಕುರಿತು 1949ರಲ್ಲಿ ಶಂಕರ್ ಬರೆದಿದ್ದ, ಅಂಬೇಡ್ಕರ್ ಅವರನ್ನು ಒಳಗೊಂಡ ಚಿತ್ರವೊಂದು 2012ರಲ್ಲಿ ಪಠ್ಯಪುಸ್ತಕದ ವಿಷಯವಾಗಿ ಸಂಸತ್ತಿನಲ್ಲಿ ತೀವ್ರ ವಿವಾದಕ್ಕೆ ಕಾರಣವಾಯಿತು.

ಗೊಂಬೆಗಳ ಸಂಗ್ರಹ

1949ರಿಂದ ಶಂಕರ್ ಮಕ್ಕಳಿಗಾಗಿ ಚಿತ್ರ ಮತ್ತು ಬರವಣಿಗೆಯ ಸ್ಪರ್ಧೆಗಳನ್ನು ನಡೆಸತೊಡಗಿದ್ದರು. 1950ರ ದಶಕದ ಆರಂಭದಲ್ಲಿ, ಈ ಸ್ಪರ್ಧೆಯಲ್ಲಿ ಬಹುಮಾನವಾಗಿ ಕೊಡಲೆಂದು ಹಂಗೇರಿಯ ರಾಯಭಾರಿಯವರು ಗೊಂಬೆಯೊಂದನ್ನು ನೀಡಿದರು. ಯಾವುದೋ ಮಗುವಿಗೆ ಸೇರಬೇಕಾಗಿದ್ದ ಆ ಗೊಂಬೆಗೆ ಮೊದಲು ಮನಸೋತವರು ಐವತ್ತರ ಅಂಚಿನಲ್ಲಿದ್ದ ಶಂಕರ್ ಅವರೇ. ನೆಹರೂ ಅವರ ವಿದೇಶ ಪ್ರವಾಸಗಳಲ್ಲಿ ಪತ್ರಕರ್ತರ ತಂಡದೊಂದಿಗೆ ಹೋಗುತ್ತಿದ್ದ ಅವರು, ಅಲ್ಲಿಂದ ಮುಂದೆ ಭೇಟಿ ನೀಡಿದ ದೇಶಗಳಿಂದ ಗೊಂಬೆಗಳನ್ನು ತರತೊಡಗಿದರು. ಕೆಲವೇ ವರ್ಷಗಳಲ್ಲಿ ಸುಮಾರು 500 ಗೊಂಬೆಗಳು ಕೂಡಿದವು.

ಅವರನ್ನು ಆಕರ್ಷಿಸಿದ್ದು ಆಟಿಕೆಯಾಗಿ ಗೊಂಬೆಯಲ್ಲ, ಉಡುಪು ತೊಟ್ಟ ಗೊಂಬೆ. ಬಟ್ಟೆಯ ನೇಯ್ಗೆ, ಕಸೂತಿ, ತಲೆಯ ಉಡುಗೆ, ಆಭರಣಗಳ ಮೂಲಕ ಒಂದು ನಾಡಿನ ಜನಜೀವನವನ್ನು ಅಂಗೈಯಗಲದಲ್ಲಿ ತೋರಿಸಬಲ್ಲ ವಸ್ತು ಅದು. ಈ ಕಾರಣದಿಂದಲೇ ಇಂತಹ ಸಂಗ್ರಹದಲ್ಲಿ ಮೂಲ ಉಡುಪಿಗೆ ಗೊಂಬೆಯಷ್ಟೇ ಬೆಲೆಯಿದೆ. ಹರಿದ ಲಂಗಕ್ಕೆ ಬದಲಾಗಿ ಹೊಸ ಬಟ್ಟೆಯನ್ನು ಹೊಲಿದು ತೊಡಿಸಿದರೆ ಗೊಂಬೆ ಚೆಂದವಾಗಿಯೇ ಕಾಣಬಹುದು, ಆದರೆ ಅದು ಹೇಳಬೇಕಾಗಿದ್ದ ಸಂಗತಿ ಅಳಿಸಿಹೋಗುತ್ತದೆ. ಬಿಸಿಲು, ಧೂಳು, ನುಸಿ, ಪದೇಪದೇ ಮುಟ್ಟುವ ಕೈ ಇವೆಲ್ಲವೂ ಬಟ್ಟೆಗೆ ಶತ್ರುಗಳು.

ಶಂಕರ್ ಎದುರಿಸಿದ ತೊಡಕೂ ಇದೇ ಆಗಿತ್ತು. ದೇಶದ ಎಲ್ಲ ಮಕ್ಕಳೂ ಗೊಂಬೆಗಳನ್ನು ನೋಡಬೇಕೆಂಬ ಆಸೆಯಿಂದ ಅವರು ಮಕ್ಕಳ ಚಿತ್ರಗಳೊಡನೆ ಅವನ್ನು ಊರಿಂದೂರಿಗೆ ಒಯ್ದು ಪ್ರದರ್ಶನಗಳನ್ನು ಏರ್ಪಡಿಸುತ್ತಿದ್ದರು. ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ನಡೆದಂತೆಲ್ಲ ಗೊಂಬೆಗಳು ಹಾಳಾಗತೊಡಗಿದವು. ಹೆಚ್ಚು ಮಕ್ಕಳಿಗೆ ತೋರಿಸಿದಷ್ಟೂ ತೋರಿಸುವ ವಸ್ತುವೇ ನಶಿಸುವ ಸ್ಥಿತಿ ಉಂಟಾಯಿತು. ದೆಹಲಿಯ ಒಂದು ಪ್ರದರ್ಶನಕ್ಕೆ ನೆಹರೂ ಅವರು ಮಗಳು ಇಂದಿರಾ ಗಾಂಧಿಯವರೊಡನೆ ಬಂದಾಗ ಶಂಕರ್ ಈ ಕಷ್ಟವನ್ನು ಹೇಳಿಕೊಂಡರು. ಗೊಂಬೆಗಳಿಗೆ ಒಂದು ಶಾಶ್ವತ ನೆಲೆ ಇರಬೇಕೆಂಬ ಸಲಹೆಯನ್ನು ಕೊಟ್ಟವರು ಇಂದಿರಾ ಗಾಂಧಿ.

ವಸ್ತುಸಂಗ್ರಹಾಲಯ

1957ರಲ್ಲಿ ಶಂಕರ್ ಸ್ಥಾಪಿಸಿದ್ದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಸಂಸ್ಥೆಗೆ ಸೇರಿದ, ಬಹದ್ದೂರ್ ಷಾ ಜಫರ್ ಮಾರ್ಗದ ನೆಹರೂ ಹೌಸ್ ಕಟ್ಟಡದಲ್ಲಿ ಗೊಂಬೆಗಳಿಗೆ ಸ್ಥಳ ದೊರೆಯಿತು. ರಾಷ್ಟ್ರಪತಿ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1965ರ ನವೆಂಬರ್ 30ರಂದು ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಆಗ ಅಲ್ಲಿ ಸುಮಾರು 1,000 ಗೊಂಬೆಗಳಿದ್ದವು. ಕಾಲಕ್ರಮೇಣ ಆ ಸಂಖ್ಯೆ 85 ದೇಶಗಳ ಸುಮಾರು 6,500ಕ್ಕೆ ಏರಿತು. ಜಪಾನಿನ ಕಬುಕಿ ಮತ್ತು ಸಮುರಾಯ್ ಗೊಂಬೆಗಳು, ಸ್ಪೇನಿನ ಫ್ಲಮೆಂಕೋ ನರ್ತಕಿಯರು, ಥಾಯ್ಲೆಂಡಿನ ಮಹಿಳಾ ವಾದ್ಯವೃಂದ ಇವುಗಳಲ್ಲಿ ಹೆಸರಾದವು. ಎಲ್ಲವನ್ನೂ ಗಾಜಿನ ಕಪಾಟುಗಳಲ್ಲಿ ಇರಿಸಲಾಗಿದೆ.

ಹೊರದೇಶಗಳ ಗೊಂಬೆಗಳು ಕಾಣಿಕೆಯಾಗಿಯೂ ವಿನಿಮಯವಾಗಿಯೂ ಬರುತ್ತಿದ್ದವು. ವಿನಿಮಯವೆಂದರೆ ಪ್ರತಿಯಾಗಿ ಕೊಡಲು ತಕ್ಕ ಭಾರತೀಯ ಗೊಂಬೆಗಳು ಬೇಕು. ಅದಕ್ಕಾಗಿ ವಸ್ತುಸಂಗ್ರಹಾಲಯದ ಜೊತೆಯಲ್ಲಿಯೇ ಗೊಂಬೆ ತಯಾರಿಕೆಯ ಕಾರ್ಯಾಗಾರವೊಂದು ನಡೆಯಿತು. ಆಯಾ ಪ್ರದೇಶದ ಜನರ ಮುಖಲಕ್ಷಣ, ಉಡುಗೆ, ಒಡವೆಗಳನ್ನು ಅಧ್ಯಯನ ಮಾಡಿ ಕೈಯಿಂದಲೇ ಗೊಂಬೆಗಳನ್ನು ಸಿದ್ಧಪಡಿಸಲಾಗುತ್ತಿತ್ತು. ವಿವಿಧ ರಾಜ್ಯಗಳ ವಧುಗಳು, ಕಥಕ್ಕಳಿ ಮೊದಲಾದ ನೃತ್ಯಗಳ ಕಲಾವಿದರು ಸೇರಿದಂತೆ ಸುಮಾರು 150 ಬಗೆಯ ಭಾರತೀಯ ಗೊಂಬೆಗಳು ಇಲ್ಲಿ ರೂಪುಗೊಂಡವು. ಪೋಲೆಂಡಿನ ಕ್ರಾಕೋವ್ ನಗರದಲ್ಲಿ 1980ರಲ್ಲಿ ನಡೆದ ಗೊಂಬೆಗಳ ದ್ವೈವಾರ್ಷಿಕ ಪ್ರದರ್ಶನದಲ್ಲಿ ಈ ಸಂಸ್ಥೆಗೆ ಮೊದಲ ಬಹುಮಾನವಾದ 'ಚಿನ್ನದ ನವಿಲುಗರಿ' ಲಭಿಸಿತು.

ಕೊನೆಯ ವರ್ಷಗಳು

ತುರ್ತುಪರಿಸ್ಥಿತಿ ಘೋಷಣೆಯಾದ ಕೆಲವೇ ವಾರಗಳಲ್ಲಿ, 1975ರ ಆಗಸ್ಟ್‌ನಲ್ಲಿ 'ಶಂಕರ್ಸ್ ವೀಕ್ಲಿ' ನಿಂತುಹೋಯಿತು. ಸರ್ವಾಧಿಕಾರವು ನಗುವನ್ನು ಸಹಿಸದೆಂಬ ಅಭಿಪ್ರಾಯವನ್ನು ಶಂಕರ್ ಕೊನೆಯ ಸಂಪಾದಕೀಯದಲ್ಲಿ ವ್ಯಕ್ತಪಡಿಸಿದ್ದರು. ಗೊಂಬೆಗಳಿಗೆ ಮನೆ ಬೇಕೆಂದಿದ್ದ ಇಂದಿರಾ ಗಾಂಧಿಯವರೇ ಆಗ ಪ್ರಧಾನಿಯಾಗಿದ್ದರು. ಪತ್ರಿಕೆ ಮತ್ತೆ ಹೊರಡಲಿಲ್ಲ. ಮಕ್ಕಳ ಪುಸ್ತಕಗಳು, ಚಿತ್ರಸ್ಪರ್ಧೆ ಮತ್ತು ಗೊಂಬೆಗಳ ಕೆಲಸ ಮಾತ್ರ ಮುಂದುವರಿಯಿತು.

ಭಾರತ ಸರ್ಕಾರವು ಶಂಕರ್ ಅವರಿಗೆ ಪದ್ಮಶ್ರೀ, ಪದ್ಮಭೂಷಣ (1966) ಮತ್ತು ಪದ್ಮವಿಭೂಷಣ (1976) ಪ್ರಶಸ್ತಿಗಳನ್ನು ನೀಡಿತು. ಪೋಲೆಂಡಿನ ಮಕ್ಕಳ ಆಯ್ಕೆಯಂತೆ ಕೊಡಲಾಗುವ 'ಆರ್ಡರ್ ಆಫ್ ದಿ ಸ್ಮೈಲ್' ಗೌರವವು 1977ರಲ್ಲಿ ಅವರಿಗೆ ಸಂದಿತು. 1989ರ ಡಿಸೆಂಬರ್ 26ರಂದು ನವದೆಹಲಿಯಲ್ಲಿ ನಿಧನರಾದರು. 1991ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಎರಡು ವ್ಯಂಗ್ಯಚಿತ್ರಗಳುಳ್ಳ ಅಂಚೆಚೀಟಿಗಳನ್ನು ಹೊರತಂದಿತು.