ಸ್ಪ್ಯಾನರ್ ಹಿಡಿದ ಹೋಂಡಾ

ಹೋಂಡಾ ಎಸ್600 ಎಂಬ ಕಾರನ್ನು ನಮ್ಮಲ್ಲಿ ಹೆಚ್ಚಿನವರು ಕಣ್ಣಾರೆ ನೋಡಿರಲಿಕ್ಕಿಲ್ಲ. 1964ರ ಮಾಡೆಲ್. ಇಬ್ಬರಷ್ಟೇ ಕೂರಬಹುದಾದ, ಮೇಲ್ಛಾವಣಿ ಮಡಚಿಡಬಹುದಾದ ಪುಟ್ಟ ಗಾಡಿ. ಎಂಜಿನ್ 606 ಸಿಸಿ ಮಾತ್ರ. ಇಂದಿನ ಒಂದು ದೊಡ್ಡ ಬುಲೆಟ್ ಬೈಕಿನ ಲೆಕ್ಕ. ಆದರೆ ಅಷ್ಟರಲ್ಲೇ ನಾಲ್ಕು ಸಿಲಿಂಡರ್, ಎರಡು ಓವರ್‌ಹೆಡ್ ಕ್ಯಾಮ್, ಸಿಲಿಂಡರಿಗೊಂದರಂತೆ ನಾಲ್ಕು ಕಾರ್ಬೊರೇಟರ್. ನಿಮಿಷಕ್ಕೆ 8,500 ಸುತ್ತು ತಿರುಗಿದಾಗ 57 ಕುದುರೆ ಶಕ್ತಿ. ಇಪ್ಪತ್ತು ವರ್ಷದ ನಂತರ ನಮ್ಮ ರಸ್ತೆಗೆ ಬಂದ ಮಾರುತಿ 800ರ ಎಂಜಿನ್ ಇದಕ್ಕಿಂತ ದೊಡ್ಡದಾಗಿದ್ದೂ 40 ಎಚ್‌ಪಿಯೊಳಗೇ ಇತ್ತು ಎಂದರೆ ಅಂದಾಜು ಸಿಗಬಹುದು.

ಇಂಥ ಕಾರನ್ನು ಇವತ್ತು ಬಿಚ್ಚಿ ಸರಿಪಡಿಸುವವರಿಗೆ ಮೊದಲು ಎದುರಾಗುವುದು ಅದನ್ನು ಕಟ್ಟಿದವನ ಸ್ವಭಾವ. ಗಾಡಿ ಐಡಲ್‌ನಲ್ಲಿ ತಡವರಿಸುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸರಿಯಾಗುತ್ತದೆ ಅಂದುಕೊಳ್ಳಿ. ನೇರವಾಗಿ ಕಾರ್ಬೊರೇಟರ್ ಸ್ಕ್ರೂಗೆ ಕೈಹಾಕಿದರೆ ಇಡೀ ದಿನ ಹೋಯಿತು. ಮೊದಲು ಕಂಪ್ರೆಷನ್ ನೋಡಬೇಕು, ಆಮೇಲೆ ವಾಲ್ವ್ ಗ್ಯಾಪ್, ಆಮೇಲೆ ಇಗ್ನಿಷನ್ ಟೈಮಿಂಗ್. ಇವೆಲ್ಲ ಸರಿಯಿದ್ದರೆ ಮಾತ್ರ ವ್ಯಾಕ್ಯೂಮ್ ಗೇಜ್ ಹಾಕಿ ನಾಲ್ಕೂ ಕಾರ್ಬೊರೇಟರ್‌ಗಳು ಸಮನಾಗಿ ಉಸಿರಾಡುತ್ತಿವೆಯೇ ಎಂದು ತಾಳೆ ನೋಡಬೇಕು. ಪುಣೆಯಲ್ಲಿ ಕೂತು ರಾತ್ರಿ ಎರಡು ಗಂಟೆಗೆ ಸರ್ವರ್ ಲಾಗ್ ಓದುವ ನನ್ನಂಥವನಿಗೆ ಈ ಕ್ರಮ ಹೊಸದಲ್ಲ. ಕಾಣುವ ಲಕ್ಷಣ ಒಂದು ಕಡೆ, ರೋಗ ಇನ್ನೊಂದು ಕಡೆ. ಈ ಕಾರನ್ನು ಮಾಡಿಸಿದ ಸೊಯಿಚಿರೊ ಹೋಂಡಾ ಮೂಲತಃ ರಿಪೇರಿಯವನು. ಉದ್ಯಮಿ, ಕೋಟ್ಯಧಿಪತಿ ಎಂಬುದೆಲ್ಲ ಆಮೇಲಿನದು.

1906ರ ನವೆಂಬರ್ 17ರಂದು ಜಪಾನಿನ ಶಿಜುಓಕ ಪ್ರಾಂತ್ಯದ ಕೋಮ್ಯೊ ಎಂಬ ಹಳ್ಳಿಯಲ್ಲಿ ಆತ ಹುಟ್ಟಿದ. ಈಗ ಆ ಊರು ಹಮಾಮತ್ಸು ನಗರದೊಳಗೆ ಸೇರಿಹೋಗಿದೆ. ಅಪ್ಪ ಗಿಹೇಯಿ ಕಮ್ಮಾರ, ಸೈಕಲ್ ರಿಪೇರಿಯನ್ನೂ ಮಾಡುತ್ತಿದ್ದ. ಅಮ್ಮ ಮಿಕಾ ನೇಯ್ಗೆಯವಳು. ಕುಲುಮೆಯ ಪಕ್ಕ ಬೆಳೆದ ಹುಡುಗನಿಗೆ ಪುಸ್ತಕ ಒಗ್ಗಲಿಲ್ಲ, ಕಬ್ಬಿಣ ಒಗ್ಗಿತು. ಊರಿಗೆ ಮೊದಲ ಸಲ ಮೋಟಾರು ಕಾರು ಬಂದಾಗ ಅದರ ಹಿಂದೆ ಓಡಿ, ನೆಲಕ್ಕೆ ಸೋರಿದ ಎಣ್ಣೆಯ ವಾಸನೆ ನೋಡಿದವನು. ಹತ್ತು ವರ್ಷದವನಿದ್ದಾಗ ಹಮಾಮತ್ಸುವಿಗೆ ಆರ್ಟ್ ಸ್ಮಿತ್ ಎಂಬ ಅಮೆರಿಕದ ವೈಮಾನಿಕ ಹಾರಾಟ ತೋರಿಸಲು ಬಂದಿದ್ದ. ಹುಡುಗ ಅಪ್ಪನ ದೊಡ್ಡ ಸೈಕಲನ್ನು ಹೇಗೋ ತುಳಿದುಕೊಂಡು ಅಷ್ಟು ದೂರ ಹೋದ. ಟಿಕೆಟ್ಟಿಗೆ ದುಡ್ಡು ಸಾಲದೆ ಮರ ಹತ್ತಿ ವಿಮಾನ ನೋಡಿದ.

1922ರಲ್ಲಿ, ಹದಿನೈದು ತುಂಬಿದ್ದ ಹುಡುಗ, ಟೋಕಿಯೊದ ಆರ್ಟ್ ಶೋಕಾಯ್ ಎಂಬ ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದ. ಊರು ಬಿಟ್ಟು ಹೊರಟವರ ಕಥೆ ಎಲ್ಲ ಕಾಲಕ್ಕೂ ಒಂದೇ ಥರ ಶುರುವಾಗುತ್ತದೋ ಏನೋ. ಸ್ಪ್ಯಾನರ್ ಹಿಡಿಯುವ ಕನಸು ಹೊತ್ತು ಹೋದವನ ಕೈಗೆ ಮೊದಲು ಬಂದದ್ದು ಯಜಮಾನರ ಮಗು. ತಿಂಗಳುಗಟ್ಟಲೆ ಮಗು ಆಡಿಸುವುದೇ ಕೆಲಸ. ಓಡಿಹೋಗಬೇಕೆನಿಸಿದರೂ ಓಡಲಿಲ್ಲ, ಅಲ್ಲೇ ಇದ್ದ.

1923ರ ಸೆಪ್ಟೆಂಬರ್ 1ರಂದು ಟೋಕಿಯೊವನ್ನು ಭೂಕಂಪ ನುಂಗಿತು. ಬೆಂಕಿ ಹರಡುತ್ತ ಬಂದಾಗ ಗ್ಯಾರೇಜಿನಲ್ಲಿದ್ದ ಗಿರಾಕಿಗಳ ಕಾರುಗಳನ್ನು ಹೊರಗೆ ಸಾಗಿಸಬೇಕಿತ್ತು. ಹೋಂಡಾ ಜೀವನದಲ್ಲಿ ಮೊದಲ ಬಾರಿ ಸ್ಟೀರಿಂಗ್ ಹಿಡಿದದ್ದು ಆ ದಿನ. ಬಹಳಷ್ಟು ಕೆಲಸಗಾರರು ಊರಿಗೆ ಮರಳಿದರು. ಉಳಿದ ಕೆಲವರು ಬೆಂಕಿಯಲ್ಲಿ ಸುಟ್ಟ ಕಾರುಗಳನ್ನು ತಂದು ಮತ್ತೆ ಓಡುವಂತೆ ಮಾಡುವ ಕೆಲಸಕ್ಕಿಳಿದರು. ಆ ಕಾಲದ ಚಕ್ರಗಳಿಗೆ ಮರದ ಕಡ್ಡಿಗಳು. ಅವು ಬೂದಿಯಾಗಿದ್ದವು. ಶಾಖಕ್ಕೆ ಸಿಕ್ಕ ಸ್ಪ್ರಿಂಗುಗಳು ತಮ್ಮ ಹದ ಕಳೆದುಕೊಂಡಿದ್ದವು. ಹಳೆಯ ಕಾರಿನ ರೆಸ್ಟೊರೇಷನ್ ಎಂದು ಇವತ್ತು ಹವ್ಯಾಸವಾಗಿ ಮಾಡುವುದನ್ನು ಆ ಹುಡುಗ ಹೊಟ್ಟೆಪಾಡಿಗೆ, ಬೂದಿಯ ನಡುವೆ ಕಲಿತ.

ಹದಿನೆಂಟರ ಹೊತ್ತಿಗೆ ಆತನನ್ನು ಮೊರಿಒಕ ಎಂಬ ಊರಿಗೆ ಕೆಟ್ಟುನಿಂತ ಅಗ್ನಿಶಾಮಕ ಗಾಡಿ ಸರಿಮಾಡಲು ಕಳಿಸಿದರು. ಬಂದವನು ಪೋರ ಎಂದು ನೋಡಿ ಅಲ್ಲಿನವರು ಛತ್ರದಲ್ಲಿ ಸಾಧಾರಣ ಕೋಣೆ ಕೊಟ್ಟರು. ಹುಡುಗ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹರಡಿದಾಗ ಅವರಿಗೆ ದಿಗಿಲು, ಇವನು ಮತ್ತೆ ಜೋಡಿಸುತ್ತಾನೋ ಇಲ್ಲವೋ ಎಂದು. ಜೋಡಿಸಿದ. ಎಂಜಿನ್ ಹತ್ತಿತು, ನೀರು ಚಿಮ್ಮಿತು. ಆ ಸಂಜೆಯೇ ಆತನ ಸಾಮಾನು ಒಳ್ಳೆಯ ಕೋಣೆಗೆ ಹೋಯಿತು, ಊಟದ ಮರ್ಯಾದೆಯೂ ಬದಲಾಯಿತು.

ಇದೇ ಗ್ಯಾರೇಜಿನಲ್ಲಿ ಒಂದು ವಿಚಿತ್ರ ರೇಸ್ ಕಾರು ತಯಾರಾಯಿತು. ಅಮೆರಿಕದ ಮಿಚೆಲ್ ಕಾರಿನ ಚಾಸಿ, ಅದರ ಮೇಲೆ ಕರ್ಟಿಸ್ ವಿಮಾನದ ಹಳೆಯ ವಿ8 ಎಂಜಿನ್, ಎಂಟು ಲೀಟರಿಗೂ ಮೀರಿದ್ದು. ಚಕ್ರದ ಮರದ ಕಡ್ಡಿಗಳನ್ನು ಹೋಂಡಾ ಕೈಯಾರೆ ಮಾಡಿದ. 1924ರ ನವೆಂಬರಿನಲ್ಲಿ ಈ ಕಾರು ರೇಸಿನಲ್ಲಿ ಮೊದಲು ಬಂತು. ಓಡಿಸಿದ್ದು ಯಜಮಾನರ ತಮ್ಮ ಶಿನ್‌ಇಚಿ ಸಕಾಕಿಬಾರಾ, ಪಕ್ಕದಲ್ಲಿ ಮೆಕ್ಯಾನಿಕ್ ಆಗಿ ಕೂತದ್ದು ಹೋಂಡಾ. ವೇಗದ ಹುಚ್ಚು ಅಂಟಿಕೊಂಡಿತು, ಸಾಯುವ ತನಕ ಬಿಡಲಿಲ್ಲ.

1928ರಲ್ಲಿ ಹಮಾಮತ್ಸುವಿನಲ್ಲಿ ಆರ್ಟ್ ಶೋಕಾಯ್‌ನ ಶಾಖೆ ತೆರೆದರು. ಇಲ್ಲಿಂದ ಮುಂದೆ ಬಹುವಚನ, ಯಾಕೆಂದರೆ ಈಗ ಅವರೇ ಯಜಮಾನರು. ಮರದ ಕಡ್ಡಿಗಳ ಬದಲು ಎರಕದ ಲೋಹದ ಕಡ್ಡಿ ಮಾಡಿ ಪೇಟೆಂಟ್ ಪಡೆದರು. ಕೈ ತುಂಬ ಕಾಸು ಬಂತು. 1936ರಲ್ಲಿ ಟೋಕಿಯೊ ಬಳಿಯ ತಮಾಗಾವ ಟ್ರ್ಯಾಕಿನಲ್ಲಿ ತಾವೇ ಕಟ್ಟಿದ, ಫೋರ್ಡ್ ಎಂಜಿನಿನ ಕಾರು ಓಡಿಸುವಾಗ ಇನ್ನೊಂದು ಕಾರಿಗೆ ಡಿಕ್ಕಿಯಾಗಿ ಪಲ್ಟಿ ಹೊಡೆದರು. ಜೊತೆಗಿದ್ದ ತಮ್ಮ ಬೆಂಜಿರೊಗೆ ಬೆನ್ನುಮೂಳೆಯ ಪೆಟ್ಟು. ಇಬ್ಬರೂ ಬದುಕಿದ್ದೇ ಹೆಚ್ಚು.

ರಿಪೇರಿಯಿಂದ ತಯಾರಿಕೆಗೆ ಹೊರಳಿದಾಗ ಅವರಿಗೆ ಸಿಕ್ಕಿದ್ದು ಸೋಲು. ಆರಿಸಿಕೊಂಡ ವಸ್ತು ಪಿಸ್ಟನ್ ರಿಂಗ್. ಎಷ್ಟು ಸಲ ಎರಕ ಹೊಯ್ದರೂ ಮುರಿಯುತ್ತಿತ್ತು. ಅನುಭವವಷ್ಟೇ ಸಾಲದು ಎಂದು ಒಪ್ಪಿಕೊಂಡು, ಮೂವತ್ತು ದಾಟಿದ ಮೇಲೆ ಹಮಾಮತ್ಸುವಿನ ತಾಂತ್ರಿಕ ಕಾಲೇಜಿನಲ್ಲಿ ಹುಡುಗರ ಜೊತೆ ಬೆಂಚಿನಲ್ಲಿ ಕೂತರು. ತಮ್ಮ ಲೋಹದಲ್ಲಿ ಸಿಲಿಕಾನ್ ಕೊರತೆಯಿದೆ ಎಂದು ಅಲ್ಲಿ ಗೊತ್ತಾಯಿತು. ಬೇಕಾದದ್ದನ್ನು ಕಲಿತರು, ಪರೀಕ್ಷೆ ಬರೆಯಲಿಲ್ಲ, ಹಾಗಾಗಿ ಸರ್ಟಿಫಿಕೇಟ್ ಸಿಗಲಿಲ್ಲ. ಎಂಟೆಕ್ ಪದವಿಯನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿರುವ ನನಗೆ ಈ ಭಾಗ ಸ್ವಲ್ಪ ಚುಚ್ಚುತ್ತದೆ. ಆದರೂ ಟೊಯೊಟಾಗೆ ಪರೀಕ್ಷೆಗೆ ಕೊಟ್ಟ 50 ರಿಂಗುಗಳಲ್ಲಿ ಪಾಸಾದದ್ದು ಮೂರೇ. ಗುಣಮಟ್ಟ ಹದಕ್ಕೆ ಬರಲು ಇನ್ನೂ ಬಹಳ ಬೆವರು ಸುರಿಯಿತು. ಹದಕ್ಕೆ ಬಂದ ಮೇಲೆ ಯುದ್ಧ. ಬಾಂಬ್ ದಾಳಿ ಮತ್ತು 1945ರ ಭೂಕಂಪ ಸೇರಿ ಕಾರ್ಖಾನೆಯನ್ನು ಮಲಗಿಸಿದವು. ಉಳಿದದ್ದನ್ನು ಟೊಯೊಟಾಗೆ ಮಾರಿ ಒಂದು ವರ್ಷ ಏನೂ ಮಾಡದೆ ಕೂತರು, ಮನೆಯಲ್ಲೇ ಮದ್ಯ ತಯಾರಿಸಿ ಗೆಳೆಯರೊಂದಿಗೆ ಕುಡಿದರು.

1946ರಲ್ಲಿ ಸೇನೆಯ ವೈರ್‌ಲೆಸ್ ಸೆಟ್ಟುಗಳಿಗೆ ಕರೆಂಟ್ ಕೊಡುತ್ತಿದ್ದ ಸಣ್ಣ ಎಂಜಿನ್ ಒಂದು ಕಣ್ಣಿಗೆ ಬಿತ್ತು. ಅದನ್ನು ಸೈಕಲಿಗೆ ಕಟ್ಟಿದರು. ಪೆಟ್ರೋಲ್ ಟ್ಯಾಂಕ್ ಇರಲಿಲ್ಲ, ಚಳಿಗೆ ಹಾಸಿಗೆಯಲ್ಲಿಟ್ಟುಕೊಳ್ಳುವ ಬಿಸಿನೀರಿನ ಡಬ್ಬಿಯೇ ಟ್ಯಾಂಕ್ ಆಯಿತು. ಹೆಂಡತಿ ಸಾಚಿ ಅದನ್ನು ಊರಲ್ಲಿ ಓಡಿಸಿ ನೋಡಿದರು. 1948ರಲ್ಲಿ ಹೋಂಡಾ ಮೋಟಾರ್ ಕಂಪನಿ ಹುಟ್ಟಿತು. ಮರುವರ್ಷ ಟಕೆಒ ಫುಜಿಸಾವ ಎಂಬುವರು ಬಂದು ದುಡ್ಡು, ಮಾರಾಟ, ಸಾಲದವರ ಕಾಟ ಎಲ್ಲವನ್ನೂ ತಮ್ಮ ತಲೆಗೆ ತೆಗೆದುಕೊಂಡರು. ಅವರಿಲ್ಲದಿದ್ದರೆ ಹೋಂಡಾ ಅದ್ಭುತ ಎಂಜಿನ್ ಮಾಡಿ ದಿವಾಳಿಯಾಗುತ್ತಿದ್ದರು ಎಂದೇ ನನ್ನ ಲೆಕ್ಕ. 1958ರ ಸೂಪರ್ ಕಬ್, 1959ರಲ್ಲಿ ಐಲ್ ಆಫ್ ಮ್ಯಾನ್ ರೇಸಿಗೆ ಹೋದದ್ದು, 1961ರಲ್ಲಿ ಅಲ್ಲಿ ಗೆದ್ದದ್ದು, ಇವೆಲ್ಲ ಬಹಳ ಸಲ ಬರೆದಾಗಿದೆ. ಕಾರಿನ ಕಥೆಗೆ ಬರೋಣ.

1961ರ ಸುಮಾರಿಗೆ ಜಪಾನಿನ ಕೈಗಾರಿಕಾ ಸಚಿವಾಲಯ ಹೊಸ ಕಾರು ಕಂಪನಿಗಳಿಗೆ ಬಾಗಿಲು ಮುಚ್ಚುವ ಕಾನೂನಿಗೆ ಕೈಹಾಕಿತು. ಇರುವ ಕಂಪನಿಗಳೇ ಸಾಕು, ಹೊಸಬರು ಬೇಡ ಎಂಬುದು ಅದರ ತಿರುಳು. ಹೋಂಡಾ ಸಿಟ್ಟಿಗೆದ್ದು ಅಧಿಕಾರಿಗಳ ಜೊತೆ ಜಗಳಕ್ಕೇ ನಿಂತರು. ಕಾನೂನು ಬರುವ ಮೊದಲು ನಾವೂ ಕಾರು ಮಾಡುವವರು ಎಂದು ತೋರಿಸಬೇಕಿತ್ತು. 1962ರ ಜೂನಿನಲ್ಲಿ ಸುಜುಕಾ ಸರ್ಕ್ಯೂಟಿನಲ್ಲಿ ಎಸ್360 ಎಂಬ ಮಾದರಿಯನ್ನು ಡೀಲರುಗಳೆದುರು ಓಡಿಸಿದರು. ಅದು ಮಾರಾಟಕ್ಕೆ ಬರಲಿಲ್ಲ. 1963ರಲ್ಲಿ ಒಂದು ಪುಟ್ಟ ಟ್ರಕ್ಕಿನ ಹಿಂದೆಯೇ ಎಸ್500 ಬಂತು, ಬೆಲೆ 4,59,000 ಯೆನ್. ಕೆಂಪು ಬಣ್ಣಕ್ಕೂ ಹೋರಾಡಬೇಕಾಯಿತು. ಆಗ ಅಲ್ಲಿ ಕೆಂಪು ಅಗ್ನಿಶಾಮಕ ಗಾಡಿಗಳಿಗೆ ಮೀಸಲು. ಸರ್ಕಾರದ ಬೆನ್ನುಬಿದ್ದು ಅನುಮತಿ ತಂದರು. ಇತ್ತ ಆ ಮಸೂದೆ ಕೊನೆಗೂ ಪಾಸಾಗಲೇ ಇಲ್ಲ.

ಬೈಕ್ ಮಾಡುವವರು ಆತುರದಲ್ಲಿ ಕಾರು ಮಾಡಿದರೆ ಏನಾಗುತ್ತದೆ ಎಂಬುದು ಎಸ್ ಸರಣಿಯ ಹೊಟ್ಟೆಯೊಳಗೆ ಕಾಣುತ್ತದೆ. ಹಿಂದಿನ ಎರಡೂ ಚಕ್ರಗಳಿಗೆ ಒಂದೊಂದು ಚೈನು! ಡಿಫರೆನ್ಷಿಯಲ್ ಬಾಡಿಗೆ ಗಟ್ಟಿಯಾಗಿ ಕೂತಿದೆ. ಅಲ್ಲಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಚೈನು ಎಣ್ಣೆ ತುಂಬಿದ ಅಲ್ಯೂಮಿನಿಯಂ ಪೆಟ್ಟಿಗೆಯೊಳಗಿದೆ. ಆ ಪೆಟ್ಟಿಗೆಯೇ ಸಸ್ಪೆನ್ಷನ್ನಿನ ತೋಳು. ಇದರಿಂದ ಡಿಕ್ಕಿಯಲ್ಲಿ ಜಾಗ ಉಳಿಯಿತು, ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಸಿಕ್ಕಿತು. ಜೋರಾಗಿ ಎಳೆದರೆ ಕಾರಿನ ಹಿಂಭಾಗ ಕೂರುವ ಬದಲು ಮೇಲೇಳುವ ವಿಚಿತ್ರವೂ ಸಿಕ್ಕಿತು. ಮೊದಲ ಬಾರಿ ಓಡಿಸುವವರು ಏನೋ ಮುರಿದಿದೆ ಎಂದು ಗಾಬರಿಯಾಗಬಹುದು. ಮುರಿದಿರುವುದಿಲ್ಲ, ಅದು ಇರುವುದೇ ಹಾಗೆ. ಯಾವುದು ದೋಷ, ಯಾವುದು ಸ್ವಭಾವ ಎಂದು ಬೇರ್ಪಡಿಸುವುದೇ ಹಳೆಯ ಗಾಡಿಯ ಟ್ರಬಲ್‌ಶೂಟಿಂಗ್‌ನ ಅರ್ಧ ಕೆಲಸ.

ಇನ್ನು ಕ್ರ್ಯಾಂಕ್. ಸಾಮಾನ್ಯ ಕಾರಿನಲ್ಲಿ ಬೇರಿಂಗ್ ಸವೆದರೆ ಎರಡು ಹೋಳಿನ ಶೆಲ್ ಬದಲಿಸಿ ಬೋಲ್ಟ್ ಬಿಗಿದರಾಯಿತು. ಇದರಲ್ಲಿ ಬೈಕಿನ ಹಾಗೆ ರೋಲರ್ ಬೇರಿಂಗ್. ಕ್ರ್ಯಾಂಕನ್ನು ತುಂಡುತುಂಡಾಗಿ ಮಾಡಿ ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದಾರೆ. ಸವೆದರೆ ಮತ್ತೆ ಪ್ರೆಸ್ಸಿನಲ್ಲಿ ಬಿಡಿಸಿ, ಜೋಡಿಸಿ, ಡಯಲ್ ಗೇಜ್ ಇಟ್ಟು ಓರೆಕೋರೆ ತೆಗೆಯಬೇಕು. ಕೂದಲೆಳೆ ತಪ್ಪಿದರೂ 8,000 ಸುತ್ತಿನಲ್ಲಿ ಎಂಜಿನ್ ನಡುಗುತ್ತದೆ. ತುಕ್ಕಿನ ಕಾಟ ಬೇರೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಆ ಕಾಲದ ರಬ್ಬರ್ ಸೀಲುಗಳನ್ನು ಮೆತ್ತಗೆ ತಿನ್ನುತ್ತದೆ. 1966ರ ಎಸ್800ನಲ್ಲಿ ಸ್ವಲ್ಪ ಕಾಲದ ನಂತರ ಚೈನು ಹೋಗಿ ಮಾಮೂಲಿ ಆಕ್ಸಲ್ ಬಂತು. 1970ರಲ್ಲಿ ಸರಣಿಯೇ ನಿಂತಿತು.

ಫಾರ್ಮುಲಾ ಒನ್‌ಗೆ 1964ರಲ್ಲೇ ಇಳಿದಿದ್ದರು, 1965ರಲ್ಲಿ ಮೆಕ್ಸಿಕೊದಲ್ಲಿ ರಿಚಿ ಗಿಂತರ್ ಮೊದಲ ಗೆಲುವು ತಂದುಕೊಟ್ಟ. ಆದರೆ ಹೋಂಡಾ ಅವರ ತಲೆಯಲ್ಲಿ ಒಂದು ಹಠ ಬೇರು ಬಿಟ್ಟಿತ್ತು, ಎಂಜಿನ್ನನ್ನು ಗಾಳಿಯಿಂದಲೇ ತಣಿಸಬೇಕು, ನೀರಿನ ರೇಡಿಯೇಟರ್ ಬೇಡ ಎಂದು. ಹಾಗೆ ತಯಾರಾದ ಆರ್‌ಎ302 ರೇಸ್ ಕಾರನ್ನು ಓಡಿಸಿ ನೋಡಿದ ಜಾನ್ ಸರ್ಟೀಸ್ ಅದು ರೇಸಿಗೆ ಸಿದ್ಧವಿಲ್ಲ ಎಂದು ನಿರಾಕರಿಸಿದರು. 1968ರ ಜುಲೈ 7ರಂದು ಫ್ರಾನ್ಸಿನ ರೂಆನ್‌ನಲ್ಲಿ ಅದನ್ನು ಜೋ ಶ್ಲೆಸರ್ ಓಡಿಸಿದರು. ಕೆಲವೇ ಸುತ್ತುಗಳಲ್ಲಿ ಕಾರು ದಿಬ್ಬಕ್ಕೆ ಬಡಿಯಿತು. ಮೆಗ್ನೀಸಿಯಂ ಬಾಡಿ ಹೊತ್ತಿ ಉರಿಯಿತು. ಶ್ಲೆಸರ್ ತೀರಿಕೊಂಡರು. ಆ ವರ್ಷದ ಕೊನೆಗೆ ಕಂಪನಿ ಫಾರ್ಮುಲಾ ಒನ್ ಬಿಟ್ಟಿತು.

ಹಠ ಆಗಲೂ ಬಿಡಲಿಲ್ಲ. 1969ರಲ್ಲಿ ಬಂದ ಹೋಂಡಾ 1300 ಎಂಬ ಕಾರೂ ಗಾಳಿ ತಣಿಸುವ ಎಂಜಿನಿನದೇ. ಭಾರ ಹೆಚ್ಚು, ಖರ್ಚು ಹೆಚ್ಚು. ಹೊಗೆ ನಿಯಮಗಳು ಬಿಗಿಯಾಗುತ್ತಿದ್ದವು, ನೀರಿನ ಎಂಜಿನ್ ಇಲ್ಲದೆ ದಾರಿಯಿಲ್ಲ ಎಂದು ಕಿರಿಯ ಎಂಜಿನಿಯರ್‌ಗಳಿಗೆ ಗೊತ್ತಿತ್ತು. ಆದರೆ ಹೇಳುವವರು ಯಾರು? ಕೆಲಸದಲ್ಲಿ ತಪ್ಪಾದರೆ ಕೈಗೆ ಸಿಕ್ಕಿದ್ದನ್ನು ಎಸೆಯುವ, ಹೊಡೆಯಲೂ ಹಿಂಜರಿಯದ ಮನುಷ್ಯ ಅವರು. ಗುಡುಗಪ್ಪ ಎಂಬರ್ಥದ ಅಡ್ಡಹೆಸರೇ ಇತ್ತು. ಇದನ್ನು ಪ್ರೀತಿಯ ಸಿಟ್ಟು ಎಂದು ಹೊಗಳಿ ಬರೆಯುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಯಜಮಾನನಿಗೆ ಹೆದರಿ ಬಾಯಿ ಮುಚ್ಚಿದ ಟೀಮಿನಿಂದ ಎಂಥ ಪ್ರಾಡಕ್ಟ್ ಹೊರಬರುತ್ತದೆ ಎನ್ನುವುದಕ್ಕೆ ಹೋಂಡಾ 1300 ಸಾಕ್ಷಿ. ಕೊನೆಗೆ ಎಂಜಿನಿಯರ್‌ಗಳು ಫುಜಿಸಾವ ಅವರ ಬಳಿ ಹೋದರು. ಫುಜಿಸಾವ ಹೋಂಡಾ ಮುಂದಿಟ್ಟದ್ದು ಒಂದೇ ಪ್ರಶ್ನೆ: ನೀವು ಈ ಕಂಪನಿಯ ಅಧ್ಯಕ್ಷರೋ, ಎಂಜಿನಿಯರೋ? ಹೋಂಡಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಧ್ಯಕ್ಷನಾಗಿಯೇ ಇರುವುದನ್ನು ಆರಿಸಿಕೊಂಡರು. ನೀರಿನ ಎಂಜಿನಿಗೆ ಅನುಮತಿ ಸಿಕ್ಕಿತು. ಐವತ್ತು ವರ್ಷ ಎಂಜಿನ್ನಿನ ಮಾತಿನಲ್ಲಿ ಯಾರಿಗೂ ಸೋಲದವರು ಅಂದು ತಮ್ಮ ಕೈಕೆಳಗಿನ ಹುಡುಗರಿಗೆ ಸೋತರು.

ಆ ಹುಡುಗರು 1972ರಲ್ಲಿ ಸಿವಿಕ್ ಮಾಡಿದರು, ಅಮೆರಿಕದ ಕಠಿಣ ಹೊಗೆ ನಿಯಮ ಪಾಸಾದ ಸಿವಿಸಿಸಿ ಎಂಜಿನ್ ಮಾಡಿದರು. ಅಮೆರಿಕದ ದೊಡ್ಡ ಕಂಪನಿಗಳನ್ನು ಹಿಂದೆ ಹಾಕಲು ಇದೇ ಅವಕಾಶ ಎಂದು ಹೋಂಡಾ ಹಿಗ್ಗಿದರೆ, ನಾವು ಮಾಡಿದ್ದು ಕಂಪನಿಗಾಗಿ ಅಲ್ಲ, ಸಮಾಜಕ್ಕಾಗಿ ಎಂಬುದು ಅವರ ನಿಲುವಾಗಿತ್ತು. ತಮ್ಮ ಕಾಲ ಮುಗಿಯಿತೆಂದು ಅವರಿಗೆ ಅರಿವಾಯಿತು. 1973ರಲ್ಲಿ ಫುಜಿಸಾವ ಅವರ ಜೊತೆಗೇ ಹುದ್ದೆ ಬಿಟ್ಟರು. ಮಗನನ್ನು ಕಂಪನಿಗೆ ಸೇರಿಸಲಿಲ್ಲ. ಮಗ ಹಿರೋತೋಶಿ ಮೂಗೆನ್ ಎಂಬ ತನ್ನದೇ ರೇಸಿಂಗ್ ಎಂಜಿನ್ ಕಂಪನಿ ಕಟ್ಟಿಕೊಂಡ.

ನಿವೃತ್ತಿಯ ನಂತರ ದೇಶದ ಮೂಲೆಮೂಲೆಯ ಹೋಂಡಾ ಕಾರ್ಖಾನೆ, ಡೀಲರ್ ಅಂಗಡಿಗಳಿಗೆ ಹೋಗಿ ಒಬ್ಬೊಬ್ಬರ ಕೈಕುಲುಕಿದರು. ಕೈಗೆ ಎಣ್ಣೆ ಮೆತ್ತಿದೆ ಎಂದು ಹಿಂಜರಿದ ಕೆಲಸಗಾರನ ಕೈಯನ್ನು ಬಿಡದೆ ಹಿಡಿದು, ಆಮೇಲೆ ಆ ಎಣ್ಣೆಯ ವಾಸನೆ ನೋಡಿದರಂತೆ. ಅವರ ಎಡಗೈ ತುಂಬ ಗಾಯದ ಗುರುತು. ಬಲಗೈ ಸುತ್ತಿಗೆ ಬೀಸುವಾಗೆಲ್ಲ ಪೆಟ್ಟು ತಿಂದದ್ದು ಅದು.

ನಮ್ಮ ಕಡೆಗೆ ಅವರ ಎಂಜಿನ್ ಬಂದದ್ದು ಎಂಬತ್ತರ ದಶಕದಲ್ಲಿ, ಪುಣೆಯ ಕೈನೆಟಿಕ್ ಜೊತೆ ಸ್ಕೂಟರಾಗಿ, ಹೀರೊ ಜೊತೆ 1985ರ ಸಿಡಿ100 ಬೈಕಾಗಿ. ಕೋಲಾರದ ನರಸಾಪುರದಲ್ಲಿ ಕಾರ್ಖಾನೆ ಬರುವಷ್ಟರಲ್ಲಿ 2013 ಆಗಿತ್ತು.

1991ರ ಆಗಸ್ಟ್ 5ರಂದು ಯಕೃತ್ತಿನ ಕಾಯಿಲೆಯಿಂದ ಸೊಯಿಚಿರೊ ಹೋಂಡಾ ತೀರಿಕೊಂಡರು. ಕಂಪನಿಯ ವತಿಯಿಂದ ಅದ್ದೂರಿ ಅಂತ್ಯಕ್ರಿಯೆ ಬೇಡ ಎಂದು ಮೊದಲೇ ತಿಳಿಸಿದ್ದರು. ಕಾರು ಮಾಡುವವನ ಸಾವಿನಿಂದ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಆಗಬಾರದಲ್ಲ. ಅದರ ಬದಲು ಕಂಪನಿ ಹಲವೆಡೆ ಧನ್ಯವಾದದ ಕೂಟಗಳನ್ನು ಏರ್ಪಡಿಸಿತು. ಸಾವಿರಾರು ಜನ ತಮ್ಮ ಪಾಡಿಗೆ ಬಂದು ಹೋದರು.