ಒಡಲಿನ ಒಳಾಡಳಿತವನ್ನು ಕಂಡವನು

ಮಲಗಿದ್ದ ಮನುಷ್ಯನು ತಟ್ಟನೆ ಎದ್ದು ನಿಲ್ಲುತ್ತಾನೆ. ಆ ಗಳಿಗೆಯಲ್ಲಿ ಮೈಯ ನೆತ್ತರು ತನ್ನ ಭಾರದಿಂದಲೇ ಕಾಲುಗಳ ಕಡೆಗೆ ಇಳಿದು, ಮೆದುಳಿಗೆ ರಕ್ತ ಸಾಲದೆ ಅವನಿಗೆ ಕಣ್ಣು ಕತ್ತಲೆಗಟ್ಟಬೇಕು. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಒಂದು ದಿನವೆಲ್ಲ ಉಪವಾಸವಿದ್ದವನ ರಕ್ತದಲ್ಲಿಯೂ ಸಕ್ಕರೆ ಬರಿದಾಗುವುದಿಲ್ಲ. ನಮ್ಮ ಅಪ್ಪಣೆಗೆ ಕಾಯದೆ, ನಮ್ಮ ಅರಿವಿಗೂ ಬಾರದೆ, ನರಮಂಡಲವು ಇಂಥ ಲೆಕ್ಕಗಳನ್ನು ಹಗಲಿರುಳೂ ಸರಿದೂಗಿಸುತ್ತಿರುತ್ತದೆ. ಒಡಲಿನ ಈ ಒಳಾಡಳಿತದ ಜಾಡನ್ನು ಮೊದಲು ಹಿಡಿದವರಲ್ಲಿ ಅಗ್ರಗಣ್ಯನು ಫ್ರಾನ್ಸಿನ ಕ್ಲೋದ್ ಬರ್ನಾರ್. ವಿಚಿತ್ರವೆಂದರೆ, ಅವನು ಪ್ಯಾರಿಸಿಗೆ ಬಂದುದು ವಿಜ್ಞಾನಿಯಾಗಲು ಅಲ್ಲ, ನಾಟಕಕಾರನಾಗಲು.

1813ರ ಜುಲೈ 12ರಂದು ಬೋಜೊಲೆ ಸೀಮೆಯ ಸೇಂ ಜೂಲಿಯೇಂ ಎಂಬ ಹಳ್ಳಿಯಲ್ಲಿ, ದ್ರಾಕ್ಷಿ ಬೆಳೆಯುವ ಮನೆತನದಲ್ಲಿ ಬರ್ನಾರ್ ಹುಟ್ಟಿದನು. ಶಾಲೆಯಲ್ಲಿ ಅವನು ಉಪಾಧ್ಯಾಯರ ಕಣ್ಣಿಗೆ ಬೀಳುವಂಥ ವಿದ್ಯಾರ್ಥಿಯಾಗಿರಲಿಲ್ಲ. ಮುಂದೆ ಲಿಯೋಂ ನಗರದ ಅಂಚಿನ ಔಷಧದ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಅಲ್ಲಿ ತೇರಿಯಾಕ್ ಎಂಬ, ಸರ್ವರೋಗಕ್ಕೂ ಸಲ್ಲುವ ಹಳೆಯ ಮದ್ದೊಂದು ತಯಾರಾಗುತ್ತಿತ್ತು. ಅಂಗಡಿಯಲ್ಲಿ ಮಿಕ್ಕ, ಕೆಟ್ಟ ಮದ್ದುಗಳೆಲ್ಲ ಬೀಳುತ್ತಿದ್ದುದು ಅದರ ಪಾತ್ರೆಗೇ. ಆ ಕಾಲದ ವೈದ್ಯವಿದ್ಯೆಯ ವಿಷಯದಲ್ಲಿ ಅವನ ಸಂಶಯ ಮೊಳೆತುದು ಅಲ್ಲಿಯೇ ಎನ್ನಬಹುದು.

ಬಿಡುವಿನ ವೇಳೆಯನ್ನು ರಂಗಭೂಮಿ ಸೆಳೆದುಕೊಂಡಿತ್ತು. ಅವನು ಬರೆದ ‘ರೋನ್ ನದಿಯ ಗುಲಾಬಿ’ ಎಂಬ ಪ್ರಹಸನ ರಂಗವನ್ನೇರಿ ಅಷ್ಟಿಷ್ಟು ಮೆಚ್ಚುಗೆ ಪಡೆಯಿತು. ಅದರಿಂದ ಹುರುಪುಗೊಂಡು ‘ಬ್ರಿಟನಿಯ ಆರ್ಥರ್’ ಎಂಬ ಐದು ಅಂಕಗಳ ದುರಂತ ನಾಟಕವನ್ನು ರಚಿಸಿ, 1834ರಲ್ಲಿ ಹಸ್ತಪ್ರತಿಯೊಡನೆ ಪ್ಯಾರಿಸನ್ನು ಸೇರಿದನು. ಪ್ರಸಿದ್ಧ ವಿಮರ್ಶಕ ಸೇಂ ಮಾರ್ಕ್ ಜಿರಾರ್ದೇಂ ಅದನ್ನು ಓದಿ, ಹೊಟ್ಟೆಪಾಡಿಗೆ ವೈದ್ಯವನ್ನು ಕಲಿಯಬೇಕೆಂದೂ ಕಾವ್ಯವನ್ನು ಬಿಡುವಿಗೆ ಇಟ್ಟುಕೊಳ್ಳಬೇಕೆಂದೂ ಬುದ್ಧಿ ಹೇಳಿದನು. ಸಾಹಿತ್ಯ ವಿಮರ್ಶೆಯಿಂದ ಶರೀರಶಾಸ್ತ್ರಕ್ಕೆ ಇಷ್ಟು ದೊಡ್ಡ ಉಪಕಾರವಾದ ಇನ್ನೊಂದು ನಿದರ್ಶನ ಸಿಕ್ಕುವುದು ಕಷ್ಟ.

ವೈದ್ಯ ವಿದ್ಯಾರ್ಥಿಯಾದ ಬರ್ನಾರನ ಕೈಚಳಕವನ್ನು ಗುರುತಿಸಿದವನು ಫ್ರಾನ್ಸ್ವಾ ಮಜಾಂದಿ. 1841ರಲ್ಲಿ ಅವನು ಈ ತರುಣನನ್ನು ಕೊಲೇಜ್ ದ ಫ್ರಾನ್ಸಿನ ತನ್ನ ಪ್ರಯೋಗಶಾಲೆಗೆ ಸಹಾಯಕನಾಗಿ ಸೇರಿಸಿಕೊಂಡನು. ಬರ್ನಾರ್ 1843ರಲ್ಲಿ ವೈದ್ಯ ಪದವಿ ಪಡೆದನಾದರೂ, ಮರುವರ್ಷ ಅಧ್ಯಾಪಕ ಹುದ್ದೆಯ ಸ್ಪರ್ಧಾ ಪರೀಕ್ಷೆಯಲ್ಲಿ ಸೋತನು. 1845ರಲ್ಲಿ ಫಾನಿ ಮಾರ್ತೇಂ ಎಂಬವಳನ್ನು ಮದುವೆಯಾದನು. ಅವಳು ತಂದ ವರದಕ್ಷಿಣೆಯ ಹಣ ಅವನ ಪ್ರಯೋಗಗಳಿಗೆ ಆಸರೆಯಾಯಿತು.

ಸಕ್ಕರೆಯನ್ನು ಸಸ್ಯಗಳು ಮಾತ್ರ ನಿರ್ಮಿಸುತ್ತವೆ, ಪ್ರಾಣಿಗಳು ಅದನ್ನು ಉರಿಸಿ ಮುಗಿಸುತ್ತವೆ ಎಂಬುದು ಅಂದಿನ ಸಿದ್ಧಾಂತ. 1848ರಲ್ಲಿ ಬರ್ನಾರ್ ಬರಿಯ ಮಾಂಸವನ್ನು ತಿನ್ನಿಸಿದ ನಾಯಿಯಲ್ಲಿಯೂ ಯಕೃತ್ತಿನಿಂದ ಹೊರಡುವ ರಕ್ತದಲ್ಲಿ ಸಕ್ಕರೆಯನ್ನು ಕಂಡನು. ಮುಂದೊಮ್ಮೆ, ನೀರು ಹಾಯಿಸಿ ಸಕ್ಕರೆಯೆಲ್ಲ ಹೋಗುವಂತೆ ತೊಳೆದಿಟ್ಟ ಯಕೃತ್ತನ್ನು ಮರುದಿನ ಪರೀಕ್ಷಿಸಿದಾಗ ಅದರಲ್ಲಿ ಮತ್ತೆ ಸಕ್ಕರೆ ಹುಟ್ಟಿತ್ತು! ಯಕೃತ್ತು ಕೂಡಿಟ್ಟುಕೊಂಡಿದ್ದ ಮೂಲದ್ರವ್ಯವನ್ನು ಅವನು 1857ರಲ್ಲಿ ಬೇರ್ಪಡಿಸಿ ತೋರಿಸಿದನು. ಅದೇ ಗ್ಲೈಕೊಜನ್.

ಈ ಕಣಜದ ಬೀಗದ ಕೈ ಯಾರ ವಶದಲ್ಲಿದೆ? ವೇಗಸ್ ನರದ ವಶದಲ್ಲಿರಬೇಕೆಂದು ಬರ್ನಾರ್ ಊಹಿಸಿದನು. ಆ ನರ ಹೊರಡುವ ಮೆದುಳಿನ ಬುಡವನ್ನು 1849ರಲ್ಲಿ ಮೊಲವೊಂದರಲ್ಲಿ ಸೂಜಿಮೊನೆಯಂಥ ಉಪಕರಣದಿಂದ ಚುಚ್ಚಿದನು. ಸ್ವಲ್ಪ ಹೊತ್ತಿನಲ್ಲಿಯೇ ಮೊಲದ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಊಹೆ ನಿಜವಾಯಿತೆಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ. ವೇಗಸ್ ನರವನ್ನು ಕತ್ತರಿಸಿ ಮತ್ತೆ ಚುಚ್ಚಿದಾಗಲೂ ಸಕ್ಕರೆ ಬಂದಿತು. ಪ್ರಯೋಗ ಸಫಲವಾಗಿತ್ತು, ಊಹೆ ಬಿದ್ದುಹೋಗಿತ್ತು! ಅಪ್ಪಣೆ ಬೆನ್ನುಹುರಿಯ ಮೂಲಕ, ಸಿಂಪಥೆಟಿಕ್ ನರಗಳ ದಾರಿಯಲ್ಲಿ ಇಳಿಯುತ್ತದೆಂಬುದು ಕ್ರಮೇಣ ಸ್ಪಷ್ಟವಾಯಿತು. ಆ ನರಗಳು ಅಡ್ರೀನಲ್ ಗ್ರಂಥಿಗಳನ್ನು ಕೆರಳಿಸುತ್ತವೆ, ಅವು ಸ್ರವಿಸುವ ರಸ ಯಕೃತ್ತಿನ ಗ್ಲೈಕೊಜನನ್ನು ಸಕ್ಕರೆಯಾಗಿ ಒಡೆಯುತ್ತದೆ ಎಂಬುದನ್ನು ನಂತರದವರು ತಿಳಿಸಿಕೊಟ್ಟರು.

ಎರಡು ವರ್ಷಗಳ ಮೇಲೆ ಇನ್ನೊಂದು ಊಹೆ ಅವನಿಗೆ ಎದುರುತಿರುಗಿತು. ನರಗಳು ಅಂಗಾಂಗಗಳಲ್ಲಿ ಕಾವನ್ನು ಹುಟ್ಟಿಸುತ್ತವೆ, ಆದ್ದರಿಂದ ನರವನ್ನು ಕತ್ತರಿಸಿದರೆ ಅಂಗ ತಣ್ಣಗಾಗಬೇಕು ಎಂದೆಣಿಸಿ, ಮೊಲದ ಕುತ್ತಿಗೆಯ ಒಂದು ಬದಿಯ ಸಿಂಪಥೆಟಿಕ್ ನರವನ್ನು ಕತ್ತರಿಸಿದನು. ಆ ಬದಿಯ ಕಿವಿ ತಣ್ಣಗಾಗಲಿಲ್ಲ. ಕೆಂಪೇರಿ ಬಿಸಿಯಾಯಿತು, ಅದರ ರಕ್ತನಾಳಗಳು ಹಿಗ್ಗಿಕೊಂಡವು. ತುಂಡಾದ ನರದ ತುದಿಗೆ ವಿದ್ಯುತ್ತನ್ನು ಹಾಯಿಸಿದಾಗ ನಾಳಗಳು ಮತ್ತೆ ಕುಗ್ಗಿದವು. ಬ್ರೌನ್ ಸೆಕಾರನೂ 1852ರಲ್ಲಿ ಇದನ್ನು ಸ್ವತಂತ್ರವಾಗಿ ಕಂಡಿದ್ದನು. 1858ರಲ್ಲಿ ಬರ್ನಾರ್, ಜೊಲ್ಲಿನ ಗ್ರಂಥಿಗೆ ಹೋಗುವ ಬೇರೊಂದು ನರ ರಕ್ತನಾಳಗಳನ್ನು ಹಿಗ್ಗಿಸುತ್ತದೆಂಬುದನ್ನೂ ತೋರಿಸಿದನು.

ಕಿರುನಾಳಗಳು ಕುಗ್ಗಿದರೆ ರಕ್ತದ ಹರಿವಿಗೆ ಅಡ್ಡಿ ಹೆಚ್ಚಿ ಒತ್ತಡ ಏರುತ್ತದೆ, ಹಿಗ್ಗಿದರೆ ಇಳಿಯುತ್ತದೆ. ಕುತ್ತಿಗೆಯ ದೊಡ್ಡ ಧಮನಿಗಳಲ್ಲಿಯೂ ಮಹಾಧಮನಿಯಲ್ಲಿಯೂ ಈ ಒತ್ತಡವನ್ನು ಅಳೆಯುವ ನರತುದಿಗಳಿವೆ. ಎದ್ದು ನಿಂತವನಲ್ಲಿ ಒತ್ತಡ ತುಸು ಕುಸಿದೊಡನೆ ಅವು ಮೆದುಳಿನ ಬುಡಕ್ಕೆ ವರ್ತಮಾನ ಮುಟ್ಟಿಸುತ್ತವೆ. ಅಲ್ಲಿಂದ ಹೊರಟ ಆಜ್ಞೆಯಿಂದ ನಾಳಗಳು ಬಿಗಿಯುತ್ತವೆ, ಹೃದಯದ ಬಡಿತ ಚುರುಕಾಗುತ್ತದೆ. ಬರ್ನಾರ್ ಕಂಡುದು ಈ ಆಡಳಿತದ ಕೊನೆಯ ಕೊಂಡಿಯನ್ನು. ಉಳಿದ ಕೊಂಡಿಗಳು ಅದರ ಹಿಂದೆಯೇ ದೊರೆತವು.

ಈ ಜ್ಞಾನಕ್ಕೆ ತೆತ್ತ ಬೆಲೆಯನ್ನು ಮರೆತು ಅವನ ಬಾಳನ್ನು ಹೇಳುವುದು ನ್ಯಾಯವಲ್ಲ. ಅವನ ಪ್ರಯೋಗಶಾಲೆಯಲ್ಲಿ ಅಸಂಖ್ಯ ನಾಯಿಗಳೂ ಮೊಲಗಳೂ ಸತ್ತವು. ಅರಿವಳಿಕೆ ಮದ್ದುಗಳು ಬಳಕೆಗೆ ಬರುತ್ತಿದ್ದ ಮೊದಲ ದಿನಗಳವು. ಅನೇಕ ಪ್ರಾಣಿಗಳು ನೋವನ್ನು ಪೂರ್ತಿಯಾಗಿ ಅನುಭವಿಸಿಯೇ ಸತ್ತವು. ಹೆಂಡತಿ ಅದನ್ನು ಸಹಿಸಲಾರದೆ ಹೋದಳು. ಇಬ್ಬರು ಗಂಡುಮಕ್ಕಳು ಶೈಶವದಲ್ಲಿಯೇ ತೀರಿಕೊಂಡಿದ್ದರು. ಹೆಣ್ಣುಮಕ್ಕಳಿಬ್ಬರೂ ತಾಯಿಯ ಪಕ್ಷ ಸೇರಿದರು. 1860ರ ದಶಕದ ಕೊನೆಯ ಹೊತ್ತಿಗೆ ದಂಪತಿಗಳು ಬೇರ್ಪಟ್ಟರು. ಯಾರ ಹಣದಿಂದ ಪ್ರಯೋಗ ನಡೆದಿತ್ತೋ ಅವಳೇ ಅದರ ವಿರೋಧಿಯಾದಳು. ಅವಳ ಆಕ್ಷೇಪಣೆಯನ್ನು ಅಜ್ಞಾನವೆಂದು ತಳ್ಳಿಬಿಡುವ ಧೈರ್ಯ ಇಂದು ನಮಗಿಲ್ಲ. ಅವನ ಶೋಧಗಳ ಫಲವನ್ನು ಬೇಡವೆನ್ನುವ ಸ್ಥಿತಿಯಲ್ಲಿಯೂ ನಾವಿಲ್ಲ.

ಗೌರವಗಳು ಒಂದೊಂದಾಗಿ ಬಂದವು. 1854ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, ಮಜಾಂದಿ ತೀರಿಕೊಂಡ 1855ರಲ್ಲಿ ಅವನ ಪೀಠ. ಆದರೆ 1860ರ ದಶಕದಲ್ಲಿ ಆರೋಗ್ಯ ಕೆಟ್ಟು ಅವನು ಹುಟ್ಟೂರಿನ ದ್ರಾಕ್ಷಿತೋಟಗಳಿಗೆ ಮರಳಬೇಕಾಯಿತು. ಪ್ರಯೋಗಶಾಲೆಯಿಂದ ದೂರವಿದ್ದ ಈ ವಿರಾಮದ ಫಲವೇ 1865ರಲ್ಲಿ ಪ್ರಕಟವಾದ ‘ಪ್ರಾಯೋಗಿಕ ವೈದ್ಯಶಾಸ್ತ್ರದ ಅಧ್ಯಯನಕ್ಕೆ ಪ್ರವೇಶಿಕೆ’. ಊಹೆಯಿಲ್ಲದೆ ಪ್ರಯೋಗವಿಲ್ಲ, ಆದರೆ ಪ್ರಯೋಗ ಬೇಡವೆಂದ ಊಹೆಯನ್ನು ಎಷ್ಟೇ ಪ್ರಿಯವಾಗಿದ್ದರೂ ಬಿಡಬೇಕು ಎಂಬುದು ಅದರ ತಿರುಳು. ಮೊಲದ ಕಿವಿ ಅವನಿಗೆ ಕಲಿಸಿದ ಪಾಠವೇ ಅದು. ಹೊರಜಗತ್ತು ಹೇಗೆಯೇ ಬದಲಾಗಲಿ, ಜೀವಕೋಶಗಳನ್ನು ಸುತ್ತುವರಿದ ದ್ರವ ಸ್ಥಿರವಾಗಿರುವುದೇ ಪ್ರಾಣಿಯ ಸ್ವತಂತ್ರ ಜೀವನಕ್ಕೆ ತಳಹದಿಯೆಂಬ ದರ್ಶನವನ್ನು ಅವನು ತನ್ನ ಕೊನೆಯ ವರ್ಷಗಳ ಉಪನ್ಯಾಸಗಳಲ್ಲಿ ಬೆಳೆಸಿದನು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಈ ವಿಚಾರವನ್ನು ವಿಸ್ತರಿಸಿ ಅದಕ್ಕೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟನು.

1878ರ ಫೆಬ್ರವರಿ 10ರಂದು ಬರ್ನಾರ್ ಪ್ಯಾರಿಸಿನಲ್ಲಿ ತೀರಿಕೊಂಡನು. ಫ್ರಾನ್ಸ್ ಅವನಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಅಲ್ಲಿಯವರೆಗೆ ಯಾವ ವಿಜ್ಞಾನಿಗೂ ಆ ಮನ್ನಣೆ ಸಂದಿರಲಿಲ್ಲ. ಎರಡು ವರ್ಷಗಳ ತರುವಾಯ ಎಮಿಲ್ ಜೋಲಾ ಪ್ರಾಯೋಗಿಕ ಕಾದಂಬರಿಯನ್ನು ಕುರಿತ ತನ್ನ ಸಿದ್ಧಾಂತವನ್ನು ಈ ‘ಪ್ರವೇಶಿಕೆ’ಯ ಮೇಲೆಯೇ ಕಟ್ಟಿದನು. ವಿಮರ್ಶಕನ ಮನೆಯಿಂದ ಮರಳಿದ ಆ ದುರಂತ ನಾಟಕ 1887ರಲ್ಲಿ ಅಚ್ಚಾಯಿತು. ಇಂದು ಅದನ್ನು ಓದುವವರು ವಿರಳ. ಆದರೆ ವೈದ್ಯನು ರೋಗಿಯ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವಾಗಲೆಲ್ಲ, ಅದರ ಏರಿಳಿತವನ್ನು ಅರ್ಥಮಾಡಿಕೊಳ್ಳಲು ಅವನ ಕೆಲಸ ನೆರವಿಗೆ ಬರುತ್ತಲೇ ಇದೆ.